ಪದಕ ಕುದುರೆಗೋ, ಸವಾರನಿಗೋ?

2021ರ ಆಗಸ್ಟ್ 2, ಸೋಮವಾರ. ಅಂದು ಬೆಳಿಗ್ಗೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಮಹಿಳಾ ಹಾಕಿ ತಂಡವು ಆಸ್ಟ್ರೇಲಿಯಾವನ್ನು ಮಣಿಸಿದ್ದರಿಂದ ದೇವಿಕೊಪ್ಪದಲ್ಲಿ ಎಲ್ಲರ ಬಾಯಲ್ಲಿಯೂ ಅದೇ ಮಾತು. ಸಂಜೆಗೆ ಮಳೆ ಹಿಡಿದುಕೊಂಡಿತು. ಹಾಸಿಗೆ ಹಿಡಿದಿದ್ದ ಅಜ್ಜಿಯೊಬ್ಬರನ್ನು ನೋಡಲು ಹೋಗಿದ್ದ ನನ್ನನ್ನು ಮಳೆ ನಿಲ್ಲುವವರೆಗೆ ಏಳಗೊಡಲಿಲ್ಲ. ಹಾಕಿಯ ಮರುಪ್ರಸಾರಕ್ಕಾಗಿ ಕಾದು ಕುಳಿತಿದ್ದ ಮನೆಮಂದಿಗೆ ದೂರದರ್ಶನದ ಪರದೆಯ ಮೇಲೆ ಕಂಡದ್ದು ಮಾತ್ರ ಒಂದು ಕುದುರೆ. ಬಣ್ಣಬಣ್ಣದ ಅಡ್ಡಗಂಬಗಳ ಮೇಲೆ ಅದು ಹಾರುತ್ತಿತ್ತು. ಮೇಲೆ ಕುಳಿತಿದ್ದವನು ಬೆಂಗಳೂರಿನ ಫವಾದ್ ಮಿರ್ಜಾ. ಅಡ್ಡಗಂಬವೊಂದು ಉರುಳಿಬಿತ್ತು. ಮನೆಯ ಹನ್ನೆರಡು ವರ್ಷದ ಹುಡುಗ ನನ್ನತ್ತ ತಿರುಗಿ, "ಫಾದರ್, ಪದಕಾ ಬಂದ್ರ ಕುದ್ರಿಗಿ ಹಾಕತಾರೋ, ಮ್ಯಾಲ ಕುಂತಾಂವಗೋ?" ಎಂದು ಕೇಳಿದ.

"ಮೇಲೆ ಕುಳಿತವನಿಗೇ" ಎಂದು ಉತ್ತರಿಸಿ ಚಹಾ ಕುಡಿದೆ. "ಮತ್ತ ಜಿಗದದ್ದು ಕುದ್ರಿ ಅಲ್ಲೇನು?" ಎಂಬ ಅವನ ಎರಡನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಗುರುಮಠದಲ್ಲಿ ತತ್ವಶಾಸ್ತ್ರದ ಪರೀಕ್ಷೆಗಳಲ್ಲಿ ಇದಕ್ಕಿಂತ ಕಠಿಣವಾದ ಪ್ರಶ್ನೆಗಳಿಗೆ ಪುಟಗಟ್ಟಲೆ ಬರೆದವನು ನಾನು. ಆದರೂ ಅಂದು ಮಳೆ ನಿಂತದ್ದೇ ಸಾಕೆಂದು ಎದ್ದು ಬಂದೆ. ಆ ಸಾಲವನ್ನು ಇಷ್ಟು ತಡವಾಗಿ ತೀರಿಸಲು ಈ ಲೇಖನ.

ಆ ಸ್ಪರ್ಧೆಯ ಹೆಸರು ಈವೆಂಟಿಂಗ್. ನಮ್ಮಲ್ಲಿ ಕುದುರೆ ಎಂದೊಡನೆ ರೇಸು, ಜೂಜು ಎಂದು ಹುಬ್ಬು ಗಂಟಿಕ್ಕುವವರೇ ಹೆಚ್ಚು. ಇದು ಅದಲ್ಲ. ಒಂದೇ ಕುದುರೆ ಮತ್ತು ಒಬ್ಬನೇ ಸವಾರ ಸೇರಿ ಮೂರು ಬಗೆಯ ಪರೀಕ್ಷೆಗಳನ್ನು ಎದುರಿಸಬೇಕು. ಮೊದಲನೆಯದು ಡ್ರೆಸ್ಸಾಜ್, ಅಂದರೆ ಸಮತಟ್ಟಾದ ಅಂಗಳದಲ್ಲಿ ತೋರುವ ನಡೆಯ ಶಿಸ್ತು. ಎರಡನೆಯದು ಕ್ರಾಸ್ ಕಂಟ್ರಿ. ಅದು ಹಳ್ಳ, ದಿಣ್ಣೆ, ಮರದ ದಿಮ್ಮಿ, ನೀರಹೊಂಡಗಳನ್ನು ದಾಟುತ್ತ ಕಿಲೋಮೀಟರುಗಟ್ಟಲೆ ಓಡುವ ಓಟ. ಮೂರನೆಯದು ಷೋ ಜಂಪಿಂಗ್, ಮುಟ್ಟಿದರೆ ಉರುಳುವ ಅಡ್ಡಗಂಬಗಳನ್ನು ಉರುಳಿಸದೆ ಹಾರುವುದು. ನಡುವೆ ಕುದುರೆಯನ್ನು ಬದಲಿಸುವಂತಿಲ್ಲ.

ಇದರ ಮೂಲ ಸೈನ್ಯದಲ್ಲಿದೆ. ಅಶ್ವದಳದ ಕುದುರೆ ಕವಾಯತಿನಲ್ಲಿ ಗಂಭೀರವಾಗಿ ನಡೆಯಬೇಕು, ಯುದ್ಧಭೂಮಿಯಲ್ಲಿ ಅಂಜದೆ ಓಡಬೇಕು, ಮರುದಿನ ಮತ್ತೆ ಕೆಲಸಕ್ಕೆ ಸಿದ್ಧವಾಗಿ ನಿಲ್ಲಬೇಕು. ಈ ಮೂರನ್ನೂ ಪರೀಕ್ಷಿಸುವ ಪದ್ಧತಿಯು 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಕ್ರೀಡೆಯಾಗಿ ಸೇರಿತು. ಆ ದಿನಗಳಲ್ಲಿ ಒಲಿಂಪಿಕ್ ಅಶ್ವಾರೋಹಣದಲ್ಲಿ ಸೈನಿಕನಾಗಿದ್ದರೆ ಸಾಲದು, ಅಧಿಕಾರಿಯೇ ಆಗಿರಬೇಕೆಂಬ ಕಟ್ಟುನಿಟ್ಟು. 1948ರಲ್ಲಿ ಲಂಡನ್ನಿನಲ್ಲಿ ಡ್ರೆಸ್ಸಾಜ್ ತಂಡದ ಚಿನ್ನವನ್ನು ಸ್ವೀಡನ್ ಗೆದ್ದಿತ್ತು. ತಂಡದಲ್ಲಿದ್ದ ಗೆಹ್ನಾಲ್ ಪೆರ್ಸನ್ ನಿಜವಾಗಿ ಅಧಿಕಾರಿಯಲ್ಲ, ಸಾರ್ಜೆಂಟ್ ಎಂದು ಅನಂತರ ತಿಳಿದುಬಂದಾಗ, ಮರುವರ್ಷ ಆ ಪದಕವನ್ನೇ ಕಸಿದುಕೊಂಡರು. ಬೆನ್ನ ಮೇಲಿರುವವನ ಭುಜದಲ್ಲಿ ಎಷ್ಟು ನಕ್ಷತ್ರಗಳಿವೆ ಎಂಬುದು ಕುದುರೆಗೆ ಗೊತ್ತಿರಲಾರದು. ನಿಯಮ ಬರೆದವರಿಗೆ ಮಾತ್ರ ಅದು ಬಹು ಮುಖ್ಯವಾಗಿತ್ತು. 1952ರ ಹೊತ್ತಿಗೆ ಆ ನಿರ್ಬಂಧ ಸಡಿಲಗೊಂಡಿತು. ಈವೆಂಟಿಂಗ್‌ನಲ್ಲಿ ಮಹಿಳೆಯರಿಗೆ ಒಲಿಂಪಿಕ್ಸ್ ಬಾಗಿಲು ತೆರೆದದ್ದು 1964ರಲ್ಲಿ. ಇಂದು ಈ ಸ್ಪರ್ಧೆಯಲ್ಲಿ ಗಂಡಸರೂ ಹೆಂಗಸರೂ ಒಂದೇ ಕಣದಲ್ಲಿ ಸರಿಸಮವಾಗಿ ಸ್ಪರ್ಧಿಸುತ್ತಾರೆ. ನಾವು ಮಳೆಯಲ್ಲಿ ಕುಳಿತು ನೋಡಿದ ಆ ಸಂಜೆಯೇ ಜರ್ಮನಿಯ ಯೂಲಿಯಾ ಕ್ರಾಯೆವ್ಸ್ಕಿ ವೈಯಕ್ತಿಕ ಚಿನ್ನ ಗೆದ್ದರು. ಈವೆಂಟಿಂಗ್‌ನಲ್ಲಿ ಆ ಚಿನ್ನ ಗೆದ್ದ ಮೊದಲ ಮಹಿಳೆ ಅವರು. ಅವರನ್ನು ಹೊತ್ತದ್ದು ಕೂಡ ಒಂದು ಹೆಣ್ಣು ಕುದುರೆ.

ಅಂಕಗಳ ಲೆಕ್ಕವು ನಮ್ಮ ಶಾಲೆಯ ಲೆಕ್ಕಕ್ಕೆ ತಿರುಗುಮುರುಗು. ಇಲ್ಲಿ ಎಣಿಸುವುದು ತಪ್ಪುಗಳನ್ನು, ಕಡಿಮೆ ಇದ್ದವನೇ ಗೆದ್ದವನು. ಡ್ರೆಸ್ಸಾಜಿನಲ್ಲಿ ನೂರಕ್ಕೆ ಎಷ್ಟು ಕಡಿಮೆಯಾಯಿತೋ ಅಷ್ಟು ದಂಡ. ಕ್ರಾಸ್ ಕಂಟ್ರಿಯಲ್ಲಿ ಗೊತ್ತುಪಡಿಸಿದ ಸಮಯವನ್ನು ಮೀರಿದ ಪ್ರತಿ ಸೆಕೆಂಡಿಗೆ 0.4 ದಂಡ. ಷೋ ಜಂಪಿಂಗ್‌ನಲ್ಲಿ ಉರುಳಿದ ಪ್ರತಿ ಅಡ್ಡಗಂಬಕ್ಕೆ 4. ಕ್ರಾಸ್ ಕಂಟ್ರಿಯ ತಡೆಗಳು ಗಟ್ಟಿಯಾದವು. ಅತ್ಯುನ್ನತ ದರ್ಜೆಯಾದ ಐದು ನಕ್ಷತ್ರದ ಸ್ಪರ್ಧೆಗಳಲ್ಲಿ ಅವುಗಳ ಗಟ್ಟಿಭಾಗ 1.20 ಮೀಟರು, ಮೇಲಿನ ಪೊದೆ ಸೇರಿ 1.45 ಮೀಟರಿನವರೆಗೂ ಎತ್ತರ. ಹೀಗೆ ನಲವತ್ತು ನಲವತ್ತೈದು ನೆಗೆತಗಳನ್ನು ನೆಗೆಯುತ್ತ ಹತ್ತು ಹನ್ನೊಂದು ನಿಮಿಷ ಓಡಬೇಕು. ಇಂಗ್ಲೆಂಡಿನ ಬ್ಯಾಡ್ಮಿಂಟನ್‌ನಲ್ಲಿ 1949ರಿಂದಲೂ, ಬರ್ಲಿಯಲ್ಲಿ 1961ರಿಂದಲೂ ನಡೆದುಬಂದಿರುವ ಸ್ಪರ್ಧೆಗಳು ಈ ದರ್ಜೆಯವು.

ಈ ನಿಯಮಗಳನ್ನು ಓದುತ್ತ ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಶಬ್ದ: ನಿರಾಕರಣೆ. ಕುದುರೆಯು ತಡೆಯೊಂದರ ಮುಂದೆ ನಿಂತುಬಿಟ್ಟರೆ 20 ದಂಡ, ಅದೇ ತಡೆಯ ಮುಂದೆ ಮತ್ತೊಮ್ಮೆ ನಿಂತರೆ 40, ಮೂರನೆಯ ಸಲ ಸ್ಪರ್ಧೆಯಿಂದಲೇ ಹೊರಕ್ಕೆ. ಪ್ರಾಣಿಗಳು ಕೀಲುಕೊಟ್ಟ ಯಂತ್ರಗಳಂತೆ ಎಂದು ದೆಕಾರ್ತ್ ಎಂಬ ಮಹಾಶಯನು ಹದಿನೇಳನೆಯ ಶತಮಾನದಲ್ಲಿ ಬರೆದಿಟ್ಟದ್ದನ್ನು ನಾವು ಗುರುಮಠದಲ್ಲಿ ಬಾಯಿಪಾಠ ಮಾಡಿದ್ದೆವು. ಯಂತ್ರ ಕೆಡುತ್ತದೆ, ನಿಲ್ಲುತ್ತದೆ, ಆದರೆ ಯಂತ್ರ ಒಲ್ಲೆ ಎನ್ನುವುದಿಲ್ಲ. ಕುದುರೆ ಒಲ್ಲೆ ಎನ್ನಬಲ್ಲದು ಎಂಬುದನ್ನು ಆ ತತ್ವಜ್ಞಾನಿ ಒಪ್ಪದಿದ್ದರೂ ಕ್ರೀಡೆಯ ನಿಯಮಪುಸ್ತಕ ಒಪ್ಪಿಕೊಂಡಿದೆ. ಐದುನೂರು ಕಿಲೋ ತೂಗುವ ಪ್ರಾಣಿಯೊಂದು ಗಟ್ಟಿ ದಿಮ್ಮಿಯ ಮುಂದೆ ಬಂದು ನೆಗೆಯಬೇಕಾದರೆ ಅದು ಒಪ್ಪಿಕೊಂಡೇ ನೆಗೆಯಬೇಕು. ಲಗಾಮಿನಿಂದ ಅದನ್ನು ಎತ್ತಿ ಆಚೆಗಿಡುವ ಬಲ ಯಾವ ಮನುಷ್ಯನ ತೋಳಿಗೂ ಇಲ್ಲ.

ಇನ್ನು ನಮ್ಮ ಸವಾರನ ವಿಷಯ. ಫವಾದ್ ಮಿರ್ಜಾ ಹುಟ್ಟಿದ್ದು 1992ರಲ್ಲಿ, ಬೆಂಗಳೂರಿನಲ್ಲಿ. ತಂದೆ ಡಾ. ಹಸ್ನೈನ್ ಮಿರ್ಜಾ ಕುದುರೆಗಳ ವೈದ್ಯರು. ಆ ಊರಿಗೂ ಕುದುರೆಗೂ ಹಳೆಯ ನಂಟು. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರ ಅಜ್ಜ ಅಲಿ ಅಸ್ಕರ್ ಅವರು ಪರ್ಷಿಯಾದ ಶಿರಾಜಿನಿಂದ ಕುದುರೆಗಳನ್ನು ತಂದು ಮಾರುತ್ತಿದ್ದವರು. ಅವರ ಹೆಸರಿನ ರಸ್ತೆ ಬೆಂಗಳೂರಿನಲ್ಲಿ ಇಂದಿಗೂ ಇದೆ. ಫವಾದ್ ಎಂಬೆಸಿ ಇಂಟರ್‌ನ್ಯಾಷನಲ್ ಸವಾರಿ ಶಾಲೆಯ ಬೆಂಬಲದಿಂದ ಜರ್ಮನಿಗೆ ಹೋಗಿ, ಮೊದಲು ಬೆಟ್ಟಿನಾ ಹೋಯ್ ಅವರಲ್ಲಿ, ಬಳಿಕ 2014ರ ವಿಶ್ವ ಚಾಂಪಿಯನ್ ಸಾಂಡ್ರಾ ಔಫಾರ್ಟ್ ಅವರಲ್ಲಿ ಪಳಗಿದರು.

ಬೆಂಗಳೂರಿನ ಹುಡುಗ ಜರ್ಮನಿಯಲ್ಲಿ ಏಕೆ ಕೂರಬೇಕು ಎಂದು ಕೇಳಬಹುದು. ಉನ್ನತ ಸ್ಪರ್ಧೆಗಳೆಲ್ಲ ಯೂರೋಪಿನಲ್ಲಿಯೇ ಹೆಚ್ಚಾಗಿ ನಡೆಯುತ್ತವೆ. ರೋಗಭೀತಿಯ ಕಾರಣದಿಂದ ನಮ್ಮ ದೇಶದ ಕುದುರೆಗಳಿಗೆ ನೇರವಾಗಿ ಅಲ್ಲಿ ಕಾಲಿಡಲು ಅವಕಾಶವಿರಲಿಲ್ಲ. ಮೀರತ್ತಿನ ಸೇನಾ ಪಶುವೈದ್ಯ ಕೇಂದ್ರದಲ್ಲಿ ರೋಗಮುಕ್ತ ಅಶ್ವವಲಯವೊಂದಕ್ಕೆ ಜಾಗತಿಕ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ದೊರೆತದ್ದು 2025ರಲ್ಲಷ್ಟೇ. ಹೀಗಾಗಿ ಇದು ಹಣವುಳ್ಳವರ, ಇಲ್ಲವೇ ಹಣವುಳ್ಳವರು ಕೈಹಿಡಿದವರ ಆಟ. ಉನ್ನತ ದರ್ಜೆಯ ಕುದುರೆಯ ಬೆಲೆ ಕೋಟಿಯ ಲೆಕ್ಕದಲ್ಲಿರುತ್ತದೆ. ನಮ್ಮ ಮಕ್ಕಳಿಗೆ ಇದು ದಕ್ಕುವುದೆಂದು ಸುಳ್ಳು ಆಸೆ ಹುಟ್ಟಿಸಲು ನಾನು ಸಿದ್ಧನಿಲ್ಲ. ಸೈನ್ಯವೊಂದೇ ಬಡವರ ಮಕ್ಕಳಿಗೂ ಈ ಬಾಗಿಲನ್ನು ತೆರೆದದ್ದು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಈವೆಂಟಿಂಗ್‌ನ ವೈಯಕ್ತಿಕ ಚಿನ್ನ ಗೆದ್ದ ರಘುಬೀರ್ ಸಿಂಗ್ 61ನೇ ಅಶ್ವದಳದವರು.

ಅಲ್ಲಿಂದ ಮೂವತ್ತಾರು ವರ್ಷ ಭಾರತಕ್ಕೆ ಏಷ್ಯನ್ ಕೂಟದ ಅಶ್ವಾರೋಹಣದಲ್ಲಿ ವೈಯಕ್ತಿಕ ಪದಕವಿರಲಿಲ್ಲ. 2018ರ ಜಕಾರ್ತಾದಲ್ಲಿ ಫವಾದ್ ಸೆನ್ಯೂರ್ ಮೆಡಿಕಾಟ್ ಎಂಬ ಕುದುರೆಯ ಮೇಲೆ ಡ್ರೆಸ್ಸಾಜಿನಲ್ಲಿ 22.40 ದಂಡದೊಡನೆ ಎಲ್ಲರಿಗಿಂತ ಮುಂದಿದ್ದರು. ಕ್ರಾಸ್ ಕಂಟ್ರಿಯಲ್ಲಿ ಒಂದು ಅಂಕವನ್ನೂ ಕಳೆಯಲಿಲ್ಲ. ಕೊನೆಯ ದಿನ ಒಂದು ಅಡ್ಡಗಂಬ ಉರುಳಿತು, ಲೆಕ್ಕ 26.40ಕ್ಕೆ ಏರಿತು. ಜಪಾನಿನ ಯೋಶಿಯಾಕಿ ಓಯಿವಾ 22.70ರಲ್ಲಿ ಚಿನ್ನ ಪಡೆದರು. ಒಂದು ಗೊರಸು ಒಂದು ಕಂಬಕ್ಕೆ ತಗುಲಿದ್ದರಿಂದ ಚಿನ್ನ ಬೆಳ್ಳಿಯಾಯಿತು. ರಾಕೇಶ್ ಕುಮಾರ್, ಆಶಿಷ್ ಮಲಿಕ್, ಜಿತೇಂದರ್ ಸಿಂಗ್ ಅವರೊಡನೆ ತಂಡದ ಬೆಳ್ಳಿಯೂ ಬಂದಿತು. ಮರುವರ್ಷ ಅರ್ಜುನ ಪ್ರಶಸ್ತಿ ಸಂದಿತು.

ಆ ಮೇಲೆ ನಡೆದದ್ದು ಪತ್ರಿಕೆಗಳಲ್ಲಿ ಅಷ್ಟು ದೊಡ್ಡದಾಗಿ ಬರಲಿಲ್ಲ. 2019ರಲ್ಲಿ ಸೆನ್ಯೂರ್‌ನ ಕಾಲಿನ ಸ್ನಾಯುರಜ್ಜಿಗೆ ಪೆಟ್ಟಾಯಿತು. ಕುದುರೆಯ ಕಾಲೆಂದರೆ ಮೊಣಕಾಲಿನ ಕೆಳಗೆ ಮಾಂಸವೇ ಇಲ್ಲದ ಎಲುಬು ಮತ್ತು ಹಗ್ಗದಂತಹ ರಜ್ಜುಗಳು ಮಾತ್ರ. ಅಲ್ಲಿ ಗಾಯವಾದರೆ ವಾಸಿಯಾಗಲು ತಿಂಗಳುಗಳೇ ಬೇಕು. ಓಡಿಸಲು ಆತುರಪಟ್ಟರೆ ಕುದುರೆ ಜೀವನಪರ್ಯಂತ ಕುಂಟು. ಕಾಯಬೇಕು. ಒಲಿಂಪಿಕ್ಸ್ ಎದುರಿಗಿದ್ದಾಗ ಕಾಯುವುದು ಎಷ್ಟು ಕಷ್ಟವೆಂದು ಯಾರೂ ಊಹಿಸಬಹುದು. ಕಾದರು. ಕೊರೋನಾದಿಂದ ಒಲಿಂಪಿಕ್ಸ್ ಒಂದು ವರ್ಷ ಮುಂದಕ್ಕೆ ಹೋಯಿತು. 2021ರ ಮೇ ತಿಂಗಳಲ್ಲಿ ಪೋಲೆಂಡಿನ ಬಾಬೊರೂಕೊದಲ್ಲಿ ಅಗತ್ಯವಾದ ಕನಿಷ್ಠ ಅರ್ಹತೆ ಪೂರೈಸಿತು. ಮೊದಲು ಟೋಕಿಯೊಗೆ ದಜಾರಾ ಎಂಬ ಇನ್ನೊಂದು ಕುದುರೆಯ ಹೆಸರು ಹೇಳಿದ್ದರಾದರೂ ಕೊನೆಗೆ ಹೋದದ್ದು ಸೆನ್ಯೂರ್. 1996ರ ಅಟ್ಲಾಂಟಾದಲ್ಲಿ ಇಂದ್ರಜಿತ್ ಲಾಂಬಾ, 2000ದ ಸಿಡ್ನಿಯಲ್ಲಿ ಇಮ್ತಿಯಾಜ್ ಅನೀಸ್ ಸ್ಪರ್ಧಿಸಿದ ನಂತರ ಒಲಿಂಪಿಕ್ಸ್ ಅಶ್ವಾರೋಹಣದಲ್ಲಿ ಭಾರತದ ಸವಾರನೊಬ್ಬ ಕಾಣಿಸಿಕೊಂಡದ್ದು ಆಗಲೇ.

ಟೋಕಿಯೊದ ಡ್ರೆಸ್ಸಾಜಿನಲ್ಲಿ ಅವರ ದಂಡ 28.00, ಸ್ಥಾನ ಒಂಬತ್ತನೆಯದು. ಭಾನುವಾರ ಆಗಸ್ಟ್ 1ರಂದು ಕ್ರಾಸ್ ಕಂಟ್ರಿ. ಟೋಕಿಯೊ ಕೊಲ್ಲಿಯಲ್ಲಿ ನಗರದ ಕಸವನ್ನು ತುಂಬಿ ಮಾಡಿದ ನೆಲವನ್ನು ಹಸಿರಾಗಿಸಿ ರೂಪಿಸಿದ ಬಯಲು ಅದು. ಬಿಸಿಲಿಗೆ ಹೆದರಿ ಬೆಳಗಿನ ಹೊತ್ತಿನಲ್ಲಿಯೇ ಓಟ ಆರಂಭಿಸಿದರು. ಮುಗಿಸಬೇಕಾದ ಸಮಯ 7 ನಿಮಿಷ 45 ಸೆಕೆಂಡು. ಫವಾದ್ ಬಂದು ತಲುಪಿದ್ದು 8 ನಿಮಿಷ 13 ಸೆಕೆಂಡಿಗೆ. ಇಪ್ಪತ್ತೆಂಟು ಸೆಕೆಂಡಿನ ತಡಕ್ಕೆ 11.20 ದಂಡ. ಒಂಬತ್ತರಿಂದ ಇಪ್ಪತ್ತೆರಡಕ್ಕೆ ಇಳಿದರು. ಒಂದು ತಡೆಯನ್ನೂ ಕುದುರೆ ನಿರಾಕರಿಸಲಿಲ್ಲ. ಲೋಕದ ಅತಿಶ್ರೇಷ್ಠ ಸವಾರರೆನಿಸಿದ, ಅದಕ್ಕೆ ಮೊದಲು ಎರಡು ಒಲಿಂಪಿಕ್ಸ್‌ಗಳಲ್ಲಿ ಸತತವಾಗಿ ಚಿನ್ನ ಗೆದ್ದಿದ್ದ ಜರ್ಮನಿಯ ಮಿಖಾಯೆಲ್ ಯುಂಗ್ ಕೂಡ ಅಂದು ಮುಗ್ಗರಿಸಿದರು. ಕುದುರೆ ಉರುಳದಿರಲೆಂದು ತಡೆಗಳಿಗೆ ಅಳವಡಿಸಿದ ಕಳಚಿಕೊಳ್ಳುವ ಕೊಂಡಿಯೊಂದು ಅವರ ಕುದುರೆಯ ಕಾಲು ತಗುಲಿ ಬಿಚ್ಚಿಕೊಂಡಿತು. 11 ದಂಡ ಬಿದ್ದು, ಮೊದಲಿಗರಾಗಿದ್ದವರು ಕೊನೆಗೆ ಎಂಟನೆಯವರಾದರು. ಪ್ರಾಣರಕ್ಷಣೆಗೆಂದು ಇಟ್ಟದ್ದನ್ನು ತಾಗಿಸಿದ್ದಕ್ಕೆ ದಂಡ ಹಾಕುವುದು ನನಗಂತೂ ವಿಚಿತ್ರವಾಗಿ ಕಂಡಿತು. ತಿಳಿದವರು ಅದಕ್ಕೂ ಕಾರಣ ಹೇಳಿಯಾರು.

ಸೋಮವಾರದ ಮೊದಲ ಸುತ್ತಿನಲ್ಲಿ ಫವಾದ್ ಎರಡು ಕಂಬ ಕೆಡವಿ 47.20ರೊಡನೆ ಇಪ್ಪತ್ತೈದನೆಯವರಾದರು. ಅಂತಿಮ ಸುತ್ತಿಗೆ ಅವಕಾಶ ಇಪ್ಪತ್ತೈದು ಮಂದಿಗೆ ಮಾತ್ರ! ಆ ಅಂತಿಮ ಸುತ್ತನ್ನೇ ನಾವು ದೇವಿಕೊಪ್ಪದಲ್ಲಿ ನೋಡಿದ್ದು. 12.40 ದಂಡ ಸೇರಿ ಒಟ್ಟು 59.60, ಸ್ಥಾನ ಇಪ್ಪತ್ಮೂರು. ಪದಕವಿಲ್ಲ. ಹುಡುಗನ ಪ್ರಶ್ನೆ ಉಳಿಯಿತು.

ಹಿಂದಿನ ದಿನ ಅದೇ ಬಯಲಿನಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಸ್ವಿಟ್ಜರ್ಲೆಂಡಿನ ರಾಬಿನ್ ಗೊಡೆಲ್ ಅವರ ಕುದುರೆ ಜೆಟ್ ಸೆಟ್, ಹದಿನಾಲ್ಕು ವರ್ಷದ್ದು, ಓಟದ ಕೊನೆಯ ಭಾಗದಲ್ಲಿ ಒಮ್ಮೆಲೇ ಕುಂಟತೊಡಗಿತು. ಸವಾರ ತಕ್ಷಣ ನಿಲ್ಲಿಸಿದ. ಬಲಗಾಲಿನ ಕೆಳಭಾಗದ ಅಸ್ಥಿರಜ್ಜು ಹರಿದುಹೋಗಿತ್ತು. ಉಳಿಸುವುದು ಸಾಧ್ಯವಿಲ್ಲವೆಂದು ವೈದ್ಯರು ಕಂಡುಕೊಂಡು, ಒಡೆಯರ ಮತ್ತು ಸವಾರನ ಒಪ್ಪಿಗೆ ಪಡೆದು, ಅದನ್ನು ನೋವಿಲ್ಲದಂತೆ ಕೊನೆಗಾಣಿಸಿದರು. ಯಾರ ತಪ್ಪೂ ಅಲ್ಲ ಎಂದು ಹೇಳಬಹುದು. ಹಾಗಾದರೂ ಆ ಓಟವನ್ನು ಆ ಪ್ರಾಣಿ ಕೇಳಿಕೊಂಡು ಬಂದಿರಲಿಲ್ಲವಷ್ಟೆ.

ಇದನ್ನು ತಡೆಯಲು ಅವರು ಮಾಡಿಕೊಂಡ ವ್ಯವಸ್ಥೆಗಳಲ್ಲಿ ಒಂದು ನನಗೆ ಬಹಳ ಹಿಡಿಸಿತು. ಸ್ಪರ್ಧೆಗೆ ಮುನ್ನ ಒಮ್ಮೆ, ಕ್ರಾಸ್ ಕಂಟ್ರಿಯ ನಂತರ ಷೋ ಜಂಪಿಂಗ್‌ಗೆ ಮುನ್ನ ಇನ್ನೊಮ್ಮೆ, ಪ್ರತಿಯೊಂದು ಕುದುರೆಯನ್ನೂ ತಪಾಸಕರ ಮತ್ತು ವೈದ್ಯರ ಮುಂದೆ ಗಟ್ಟಿನೆಲದ ಮೇಲೆ ಕೈಯಲ್ಲಿ ಹಿಡಿದು ಓಡಿಸಬೇಕು. ಜೀನು ಇರದು, ಸವಾರ ಮೇಲೆ ಕೂರುವಂತಿಲ್ಲ. ಅವನೂ ಪಕ್ಕದಲ್ಲಿ ಕಾಲ್ನಡಿಗೆಯಿಂದಲೇ ಓಡಬೇಕು. ನಾಲ್ಕು ಗೊರಸುಗಳ ಸದ್ದು ಸಮನಾಗಿ ಕೇಳಬೇಕು. ಒಂದು ಹೆಜ್ಜೆ ಹಗುರವಾಗಿ ಬಿದ್ದರೂ ಕುದುರೆಯನ್ನು ತಡೆದು ಮತ್ತೆ ಪರೀಕ್ಷಿಸುತ್ತಾರೆ. ಸಂಶಯ ಉಳಿದರೆ ಮನೆಗೆ. ಚಿನ್ನದ ಹೊಸ್ತಿಲಿನಲ್ಲಿದ್ದವರೂ ಹೀಗೆ ಮರಳಬೇಕಾಗುತ್ತದೆ. ಸವಾರನು ನೆಲಕ್ಕಿಳಿದು ಕುದುರೆಯ ಪಕ್ಕದಲ್ಲಿ ಅದರ ಸಮನಾಗಿ ಓಡುವ ಆ ಅರ್ಧ ನಿಮಿಷದಲ್ಲಿ ಯಾರ ಕಣ್ಣೂ ಸವಾರನ ಮೇಲಿರುವುದಿಲ್ಲ.

ತತ್ವಜ್ಞಾನಿಗಳು ಕುದುರೆಯನ್ನು ತುಂಬ ದುಡಿಸಿಕೊಂಡಿದ್ದಾರೆ. ಪ್ಲೇಟೋ ತನ್ನ ಫೀಡ್ರಸ್‌ನಲ್ಲಿ ಆತ್ಮವನ್ನು ಎರಡು ಕುದುರೆಗಳ ರಥಕ್ಕೆ ಹೋಲಿಸಿದ. ಕಠೋಪನಿಷತ್ತಿನಲ್ಲಿ ಇಂದ್ರಿಯಗಳೇ ಕುದುರೆಗಳು, ಮನಸ್ಸು ಲಗಾಮು, ಬುದ್ಧಿ ಸಾರಥಿ. ಎರಡೂ ಉಜ್ವಲವಾದ ಉಪಮೆಗಳು. ಆದರೆ ಎರಡರಲ್ಲಿಯೂ ಕುದುರೆಯೆಂದರೆ ಹತೋಟಿಗೆ ತರಬೇಕಾದದ್ದು, ಅಷ್ಟೆ. ನಮ್ಮ ಚಿತ್ರಕಾರರಂತೂ ಸಂತ ಪೌಲರನ್ನು ದಮಸ್ಕದ ದಾರಿಯಲ್ಲಿ ಕುದುರೆಯಿಂದ ಕೆಡವುತ್ತಲೇ ಬಂದಿದ್ದಾರೆ. ಪ್ರೇಷಿತರ ಕಾರ್ಯಕಲಾಪಗಳನ್ನು ತೆರೆದು ನೋಡಿ, ಅಲ್ಲಿ ಕುದುರೆಯ ಸುಳಿವೇ ಇಲ್ಲ! ಕುದುರೆಯನ್ನು ಕುದುರೆಯಾಗಿಯೇ ನೋಡಿದವನು ಸಾಕ್ರಟೀಸನ ಶಿಷ್ಯರಲ್ಲೊಬ್ಬನಾದ ಜೆನೋಫನ್. ಸೈನಿಕನಾಗಿದ್ದ ಅವನು ಕುದುರೆಸವಾರಿಯ ಬಗೆಗೇ ಗ್ರಂಥ ಬರೆದ. ಕೋಪದಲ್ಲಿದ್ದಾಗ ಕುದುರೆಯ ಹತ್ತಿರ ಹೋಗಬೇಡ, ಬಲಾತ್ಕಾರದಿಂದ ಮಾಡಿಸಿದ್ದರಲ್ಲಿ ಅಂದವಿರದು ಎಂಬುದು ಅವನ ಬೋಧನೆಯ ಸಾರ. ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷಗಳಾದರೂ ಡ್ರೆಸ್ಸಾಜಿನ ಗುರುಗಳು ಇಂದಿಗೂ ಅವನ ಹೆಸರೆತ್ತುತ್ತಾರೆ.

ನಾನು ಇದನ್ನು ಜೆನೋಫನ್‌ನಿಂದ ಕಲಿಯುವ ಮೊದಲೇ ಕಲಿಯಬೇಕಾಗಿತ್ತು. ನನಗೆ ಹದಿಮೂರು ವರ್ಷ. ಕಟಾವಿನ ಕಾಲ. ಗಾಡಿಯ ತುಂಬ ಗೋವಿನಜೋಳ ಹೇರಿಕೊಂಡು ಹೋಗುವಾಗ ನೆರೆಮನೆಯ ಗಾಡಿಯನ್ನು ಹಿಂದೆ ಹಾಕುವ ಹುಮ್ಮಸ್ಸು. ಮುಂದೆ ಹಳ್ಳದ ಇಳಿಜಾರು, ಒದ್ದೆ ನೆಲ. ಬಲಗಡೆಯ ಎತ್ತು ಅಲ್ಲಿ ನಿಂತಿತು. ಅಂದರೆ, ಒಲ್ಲೆ ಎಂದಿತು. ಬಾರಕೋಲಿನಿಂದ ಎರಡು ಬಾರಿಸಿದೆ, ಇಳಿಯಿತು, ಜಾರಿತು, ಮುಂಗಾಲು ಮಡಚಿಕೊಂಡು ಬಿತ್ತು. ಎಷ್ಟೋ ದಿನ ಅರಿಶಿನ, ಸುಣ್ಣ, ಪಟ್ಟು. ಕಾಲು ನೆಟ್ಟಗಾಗಲಿಲ್ಲ. ಸಂತೆಗೆ ಹೊಡೆದರು. ತಂದೆ ನನಗೆ ಒಂದು ಮಾತನ್ನೂ ಅನ್ನಲಿಲ್ಲ. ಆ ವರ್ಷ ಬೇರೆಯವರ ಎತ್ತನ್ನು ಬಾಡಿಗೆಗೆ ತಂದು ಬಿತ್ತಿದರು. ಪಾಪನಿವೇದನೆಯಲ್ಲಿ ಹುಡುಗತನದ ಕಳ್ಳತನ, ಸುಳ್ಳುಗಳನ್ನೆಲ್ಲ ಹೇಳಿಕೊಂಡಿದ್ದೇನೆ. ಇದನ್ನು ಹೇಳಬೇಕೆಂದು ನನಗೆ ಹೊಳೆದದ್ದು ಗುರುದೀಕ್ಷೆಯಾಗಿ ಬಹಳ ವರ್ಷಗಳ ಮೇಲೆ.

ಆದುದರಿಂದ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರ ಹೀಗೆ. ಪದಕವನ್ನು ಸವಾರನ ಕೊರಳಿಗೇ ಹಾಕುತ್ತಾರೆ, ಕುದುರೆಗೆ ರಿಬ್ಬನ್ನಿನ ಹೂ ಸಿಗುತ್ತದೆ. ಫಲಿತಾಂಶದ ಪಟ್ಟಿಯಲ್ಲಿ ಮಾತ್ರ ಎರಡು ಹೆಸರುಗಳನ್ನೂ ಜೊತೆಯಲ್ಲಿಯೇ ಬರೆಯುತ್ತಾರೆ. ಕೆಲವು ತಿಂಗಳ ನಂತರ ಇದನ್ನು ಅವನಿಗೆ ಹೇಳಿದಾಗ ಸ್ವಲ್ಪ ಹೊತ್ತು ಯೋಚಿಸಿ, "ಹೂವಾ ತಗೊಂಡು ಅದೇನ್ ಮಾಡತೈತಿ? ಒಂದ್ ಹಿಡಿ ಹುರಳಿ ಹಾಕಬೇಕಿತ್ತು" ಎಂದ.

ನಮ್ಮ ಕಡೆ ಕಾರ ಹುಣ್ಣಿಮೆಯ ಕರಿ ಹರಿಯುವುದು, ಖಾಲಿ ಗಾಡಾ ಓಡಿಸುವುದು ಎಲ್ಲರೂ ಬಲ್ಲ ಸಂಗತಿ. ಬರಿ ಗಾಡಿಗೆ ಎತ್ತುಗಳನ್ನು ಹೂಡಿ, ಗೊತ್ತುಪಡಿಸಿದ ಕಾಲದಲ್ಲಿ ಯಾವ ಜೋಡಿ ಹೆಚ್ಚು ದೂರ ಓಡಿತೆಂದು ಅಳೆಯುತ್ತಾರೆ. ಆ ಹುಡುಗ ಈಗ ಮೀಸೆ ಮೂಡಿದ ತರುಣ. ಕಳೆದ ಬೇಸಗೆಯಲ್ಲಿ ಪಕ್ಕದ ಊರಿನ ಸ್ಪರ್ಧೆಗೆ ತನ್ನ ಜೋಡಿಯನ್ನು ಕರೆತಂದಿದ್ದ. ಪ್ರವೇಶದ ಹಣ ಕಟ್ಟಿಯಾಗಿತ್ತು, ಹೆಸರು ಕೂಗಿಯಾಗಿತ್ತು. ನಾನು ಬೇರೊಂದು ಕೆಲಸದ ಮೇಲೆ ಆ ದಾರಿಯಲ್ಲಿ ಬಂದವನು ಜನ ಕಂಡು ನಿಂತೆ. ಅವನು ನೊಗ ಕಟ್ಟುವ ಮೊದಲು ಎಡಗಡೆಯ ಎತ್ತನ್ನು ಟಾರು ರಸ್ತೆಯ ಮೇಲೆ ಹಗ್ಗ ಹಿಡಿದು ಹತ್ತಾರು ಹೆಜ್ಜೆ ಓಡಿಸಿದ, ಹಿಂದಕ್ಕೂ ಓಡಿಸಿಕೊಂಡು ಬಂದ. ಬಗ್ಗಿ ಗೊರಸು ಎತ್ತಿ ನೋಡಿದ. ಗಾಡಿಯನ್ನು ಅಲ್ಲಿಯೇ ಪರಿಚಯದವರಿಗೆ ಒಪ್ಪಿಸಿ ಎರಡೂ ಎತ್ತುಗಳನ್ನು ಹಿಡಿದುಕೊಂಡು ಹೊರಟ. ಜನ ನಕ್ಕರು, ಹಣ ಮರಳಿ ಬರಲಿಲ್ಲ. ಊರು ಮೂರು ಕಿಲೋಮೀಟರು, ಮಟಮಟ ಮಧ್ಯಾಹ್ನ. ಜೀಪು ನಿಲ್ಲಿಸಿ, ಎತ್ತುಗಳನ್ನು ಯಾರಾದರೂ ಹೊಡೆದುಕೊಂಡು ಬರಲಿ, ನೀನು ಹತ್ತು ಎಂದೆ.

"ಬ್ಯಾಡ್ರಿ ಫಾದರ್, ಅದು ಸಾವಕಾಶ ನಡೀಬೇಕ್ರಿ" ಎಂದು ಅವನು ರಸ್ತೆಯ ಅಂಚಿನ ಮೆತ್ತನೆಯ ಮಣ್ಣಿಗೆ ಎತ್ತನ್ನು ಇಳಿಸಿಕೊಂಡ.